ಓದಲೊಂದು ಜಾಗ ಬೇಕು

ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದಿತೆಂದರೆ ಅದನ್ನು ಸಾಕುವ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ರಷ್ಟನ್ನು ಮೇಯುವುದು ಕೊನೆಯ ಆ ಏಳೆಂಟು ದಿನಗಳಲ್ಲೇ. ಹಗಲೂ ರಾತ್ರಿ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು. ಹುಳು ಹಣ್ಣಾದ ದಿನ ಮನೆಮಂದಿಯೆಲ್ಲ ಕೂತು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಹುಳುಮನೆಯನ್ನು ಬೇರೆಯಾಗಿ ಕಟ್ಟಿಕೊಂಡ ರೈತರು ಈಗ ಸಾಕಷ್ಟಿದ್ದಾರೆ. ಕಟ್ಟಿಕೊಳ್ಳಲಾಗದ ಸಣ್ಣ ಹಿಡುವಳಿದಾರರ ಮನೆಯಲ್ಲಿ ಹುಳುವಿಗೂ ಮನುಷ್ಯರಿಗೂ ಒಂದೇ ಸೂರು. ನಡುಮನೆಯಲ್ಲಿ ತಟ್ಟೆಗಳ ಸ್ಟ್ಯಾಂಡು, ಅದರ ಪಕ್ಕದಲ್ಲಿ ಮಲಗುವ ಚಾಪೆ. ಇಂಥ ಮನೆಯ ಹುಡುಗಿಯೊಬ್ಬಳು ಬಿ.ಕಾಂ. ಸೆಮಿಸ್ಟರ್ ಪರೀಕ್ಷೆಗೆ ಎಲ್ಲಿ ಕೂತು ಓದುತ್ತಾಳೆ?

ಈ ಪ್ರಶ್ನೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಯಾವ ಕಾಲೇಜಿಗೆ ಹೋದರೂ ಎದುರಾಗುತ್ತದೆ. ರಾಮನಗರದ ನೂಲು ಬಿಚ್ಚುವ ಕೇರಿಗಳಲ್ಲಿ ಗೂಡು ಬೇಯಿಸುವ ಹಬೆ ಮತ್ತು ವಾಸನೆಯ ನಡುವೆಯೇ ಸಂಸಾರ ನಡೆಯುತ್ತದೆ. ಚನ್ನಪಟ್ಟಣದ ಎಷ್ಟೋ ಬೊಂಬೆ ಕುಶಲಕರ್ಮಿಗಳಿಗೆ ಮನೆಯೇ ಕಾರ್ಖಾನೆ. ಹಾಲೆ ಮರದ ತುಂಡು ಲೇತ್ ಯಂತ್ರದಲ್ಲಿ ತಿರುಗುತ್ತಿರುತ್ತದೆ, ಅರಗಿನ ಬಣ್ಣ ಏರುತ್ತಿರುತ್ತದೆ, ಸದ್ದು ನಿಲ್ಲುವುದಿಲ್ಲ. ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಹಸು ಕರು, ಡೇರಿಗೆ ಹಾಲು ಹಾಕುವ ಹೊತ್ತು, ಸಂಜೆಯ ಟಿ.ವಿ., ಬಂದುಹೋಗುವ ನೆಂಟರು. ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕವರಿಗೆ ಊಟದ ಚಿಂತೆ ತಪ್ಪುತ್ತದೆ, ಆದರೆ ಒಂದೇ ಕೋಣೆಯಲ್ಲಿ ಹಲವರು ಇರುವಾಗ ಒಬ್ಬರಿಗೆ ಓದುವ ಹೊತ್ತು ಇನ್ನೊಬ್ಬರಿಗೆ ನಿದ್ದೆಯ ಹೊತ್ತು. 2011ರ ಜನಗಣತಿಯಲ್ಲಿ ರಾಮನಗರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 69 ಇತ್ತು, ರಾಜ್ಯದ ಸರಾಸರಿ ಶೇ 75. ಅಂದರೆ ಇಂದು ಪದವಿ ತರಗತಿಯಲ್ಲಿ ಕೂತಿರುವ ಅನೇಕರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಅವರೇ ಮೊದಲು. ಮೇಜು, ಕುರ್ಚಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಇವು ಓದಿಗೆ ಬೇಕು ಎಂಬ ರೂಢಿಯೇ ಆ ಮನೆಗಳಲ್ಲಿ ಇರಲು ಕಾರಣವಿಲ್ಲ.

ಹಾಗಾಗಿ ಅವರು ಲೈಬ್ರರಿಗೆ ಬರುತ್ತಾರೆ. ಕೈಯಲ್ಲಿ ತಮ್ಮದೇ ನೋಟ್ಸು, ಜೆರಾಕ್ಸ್ ಹಾಳೆಗಳು, ಮೊಬೈಲಿನಲ್ಲಿ ಪಿಡಿಎಫ್. ಕಪಾಟಿನ ಪುಸ್ತಕ ಮುಟ್ಟದೆ ಮೂರು ಗಂಟೆ ಕೂತು ಎದ್ದುಹೋಗುವ ವಿದ್ಯಾರ್ಥಿಯನ್ನು ಕಂಡರೆ ಕೆಲವು ಹಿರಿಯ ಅಧ್ಯಾಪಕರಿಗೆ ಬೇಸರ. 'ಈಗಿನ ಹುಡುಗರು ಪುಸ್ತಕ ತೆಗೆಯೋದೇ ಇಲ್ಲ, ಸುಮ್ನೆ ಫ್ಯಾನ್ ಕೆಳಗೆ ಕೂತ್ಕೋತಾರೆ' ಎನ್ನುತ್ತಾರೆ. ಆ ಬೇಸರವನ್ನು ನಾನು ಒಪ್ಪುವುದಿಲ್ಲ. ಆ ಹುಡುಗ ಬಂದಿರುವುದು ಮನೆಯಲ್ಲಿ ಸಿಗದಿದ್ದುದನ್ನು ಹುಡುಕಿಕೊಂಡು. ಗ್ರಂಥಾಲಯ ಅವನಿಗೆ ಎರವಲು ಕೊಡುತ್ತಿರುವುದು ಮೂರು ಗಂಟೆಯ ಏಕಾಂತವನ್ನು. ಅದು ಯಾವ ಪುಸ್ತಕಕ್ಕೂ ಕಡಿಮೆ ಬೆಲೆಯದಲ್ಲ.

ಪುಸ್ತಕ ತೆಗೆಯದಿರುವುದಕ್ಕೆ ಬೇರೊಂದು ಕಾರಣವೂ ಇದೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024–25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮವನ್ನು ಬದಲಿಸಿತು. ಮೊದಲಿದ್ದದ್ದನ್ನೂ ಸೇರಿಸಿದರೆ ಕೆಲವೇ ವರ್ಷಗಳಲ್ಲಿ ಮೂರು ಬಗೆಯ ಪಠ್ಯ. ಹಿಂದಿನ ಪಠ್ಯಕ್ರಮಕ್ಕೆಂದು ತಂದ ಪುಸ್ತಕಗಳು ಕಪಾಟು ತುಂಬಿವೆ, ಹೊಸದಕ್ಕೆ ತರಲು ಹಣ ನಿಧಾನವಾಗಿ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗಿರುವ ಬುಕ್ ಬ್ಯಾಂಕ್ ಪುಸ್ತಕಗಳ ಪಾಡೂ ಇದೇ. ಪುಸ್ತಕ ಹಳತಾಗಬಹುದು. ಕುರ್ಚಿ, ಮೇಜು, ಬೆಳಕು ಯಾವ ಪಠ್ಯಕ್ರಮಕ್ಕೂ ಹಳತಾಗುವುದಿಲ್ಲ.

ಒಳಗೆ ಹೋಗಿ ಸ್ವಲ್ಪ ಹೊತ್ತು ಗಮನಿಸಿದರೆ ಕುರ್ಚಿಗಳೆಲ್ಲ ಒಂದೇ ಅಲ್ಲ ಎಂಬುದು ತಿಳಿಯುತ್ತದೆ. ಮೊದಲು ತುಂಬುವುದು ಗೋಡೆ ಬದಿಯ, ಕಿಟಕಿ ಪಕ್ಕದ ಜಾಗ. ಅದಕ್ಕೂ ಮೊದಲು ಪ್ಲಗ್ ಪಾಯಿಂಟ್ ಹತ್ತಿರದ ಜಾಗ. ಉದ್ದ ಮೇಜಿನ ನಡುವಿನ ಕುರ್ಚಿಗೆ ಯಾರೂ ತಾವಾಗಿ ಹೋಗುವುದಿಲ್ಲ, ಅದು ಕೊನೆಗೆ ಬಂದವರ ಪಾಲು. ಬಾಗಿಲಿಗೆ ಬೆನ್ನು ಹಾಕಿ ಕೂರುವ ಹುಡುಗಿಯರು ಕಡಿಮೆ. ಕಾಮರ್ಸ್ ವಿದ್ಯಾರ್ಥಿಗಳಿಗೆ ಅಗಲವಾದ ಮೇಜು ಬೇಕು, ಲೆಕ್ಕದ ದೊಡ್ಡ ಹಾಳೆ, ಕ್ಯಾಲ್ಕುಲೇಟರ್, ಸ್ಕೇಲು, ಪ್ರಶ್ನೆಪತ್ರಿಕೆ ಎಲ್ಲವನ್ನೂ ಹರಡಿಕೊಳ್ಳದೆ ಬ್ಯಾಲೆನ್ಸ್ ಶೀಟ್ ಕೂಡುವುದಿಲ್ಲ. ಇತಿಹಾಸ, ಸಮಾಜಶಾಸ್ತ್ರ ಓದುವವರಿಗೆ ತೊಡೆಯ ಮೇಲಿನ ಪುಸ್ತಕವೂ ಸಾಕು. ಸೈನ್ಸ್‌ನವರು ರೆಕಾರ್ಡ್ ಬರೆಯಲು ಬರುತ್ತಾರೆ, ಅವರ ಪಕ್ಕದಲ್ಲಿ ಕೂತು ನೋಡಿ ಬರೆದುಕೊಳ್ಳಲು ಇನ್ನಿಬ್ಬರು ಬರುತ್ತಾರೆ. ಎಲ್ಲರಿಗೂ ಒಂದೇ ಅಳತೆಯ ಮೇಜು ಹಾಕಿಸಿ ಕೈತೊಳೆದುಕೊಳ್ಳುವ ಖರೀದಿ ಸಮಿತಿಗಳು ಇದನ್ನು ಒಮ್ಮೆ ನಿಂತು ನೋಡಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ರಾಬರ್ಟ್ ಸೊಮ್ಮರ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ಇದನ್ನೇ ಅಧ್ಯಯನದ ವಸ್ತು ಮಾಡಿಕೊಂಡಿದ್ದರು. ಗ್ರಂಥಾಲಯದಲ್ಲಿ ಒಬ್ಬರೇ ಓದಬೇಕೆನ್ನುವವರು ಮೇಜಿನ ತುದಿಯ ಕುರ್ಚಿಯನ್ನು ಆರಿಸುತ್ತಾರೆ, ಇಡೀ ಮೇಜನ್ನೇ ತಮ್ಮದಾಗಿಸಿಕೊಳ್ಳಲು ಹೊರಟವರು ನಡುವೆ ಕೂರುತ್ತಾರೆ ಎಂಬುದನ್ನು ಅವರು ತೋರಿಸಿದರು. ಫ್ರಾಂಕ್ಲಿನ್ ಬೆಕರ್ ಜೊತೆ ಸೇರಿ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಖಾಲಿ ಕುರ್ಚಿಗಳ ಎದುರು ಬಗೆಬಗೆಯ ವಸ್ತುಗಳನ್ನಿಟ್ಟು ನೋಡಿದರು. ಗ್ರಂಥಾಲಯದ ನಿಯತಕಾಲಿಕಗಳನ್ನು ಪೇರಿಸಿಟ್ಟರೆ ಜಾಗ ಅಷ್ಟಾಗಿ ಉಳಿಯುತ್ತಿರಲಿಲ್ಲ, ಯಾರದೋ ಮೈಮೇಲಿನ ಕೋಟು ಬಿಟ್ಟುಹೋದರೆ ಉಳಿಯುತ್ತಿತ್ತು. ಪಕ್ಕದಲ್ಲಿ ಕೂತ ಅಪರಿಚಿತರೇ 'ಇಲ್ಲಿ ಯಾರೋ ಇದ್ದಾರೆ' ಎಂದು ಹೇಳಿ ಆ ಜಾಗ ಕಾಯುತ್ತಿದ್ದುದೂ ಉಂಟು. ಸಾತನೂರು ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಕಾಲೇಜುಗಳಲ್ಲೂ ವೇಲು, ನೀರಿನ ಬಾಟಲಿ, ಟಿಫಿನ್ ಡಬ್ಬಿ ಕುರ್ಚಿ ಕಾಯುತ್ತವೆ.

ಆದರೆ ಡೇವಿಸ್‌ನಲ್ಲಿ ಕುರ್ಚಿ ಕಾಯುವುದು ಏಕಾಂತಕ್ಕಾಗಿ. ಇಲ್ಲಿ ಕಾಯುವುದಕ್ಕೆ ಕಾರಣ ಕುರ್ಚಿಗಳೇ ಸಾಲದಿರುವುದು. ಲೆಕ್ಕ ಹಾಕಿ ನೋಡೋಣ. ಓದುವ ಒಬ್ಬರಿಗೆ ಮೇಜು, ಕುರ್ಚಿ, ಓಡಾಡುವ ದಾರಿ ಸೇರಿ ಸುಮಾರು 25 ಚದರ ಅಡಿ ಬೇಕೆಂಬುದು ಗ್ರಂಥಾಲಯ ಕಟ್ಟಡಗಳನ್ನು ಯೋಜಿಸುವವರ ಹಳೆಯ ಅಂದಾಜು. 30 ಅಡಿ ಉದ್ದ, 20 ಅಡಿ ಅಗಲದ ತರಗತಿ ಕೋಣೆಯೊಂದನ್ನು ಗ್ರಂಥಾಲಯ ಮಾಡಿದರೆ 600 ಚದರ ಅಡಿ ಸಿಗುತ್ತದೆ. ಅರ್ಧ ಜಾಗ ಕಪಾಟುಗಳಿಗೆ, ಕೌಂಟರಿಗೆ, ಕಂಪ್ಯೂಟರಿಗೆ ಹೋಯಿತು. ಉಳಿದ 300ರಲ್ಲಿ ನೆಮ್ಮದಿಯಾಗಿ ಕೂರಬಹುದಾದವರು 12 ಮಂದಿ. ನೂರಾರು ವಿದ್ಯಾರ್ಥಿಗಳಿರುವ ಕಾಲೇಜಿಗೆ 12 ಕುರ್ಚಿ. ಎರಡು ಕೋಣೆ ಸೇರಿಸಿ ಗೋಡೆ ಒಡೆದರೆ ಇದರ ಎರಡರಷ್ಟಾಗುತ್ತದೆ, ಅಷ್ಟೇ. ಸರ್ಕಾರಿ ಪದವಿ ಕಾಲೇಜಿನಲ್ಲಿ ಗ್ರಂಥಾಲಯವೆಂದರೆ ಮೊದಲು ಪುಸ್ತಕ ಇಡುವ ಜಾಗ ಎಂದೇ ಬಹುಕಾಲ ಎಣಿಸಿದ್ದರ ಫಲ ಇದು. ಇದೇ ಜಿಲ್ಲೆಯ ಹಾರೋಹಳ್ಳಿ, ಜಕ್ಕಸಂದ್ರಗಳ ಕಡೆ ಖಾಸಗಿ ವಿಶ್ವವಿದ್ಯಾಲಯಗಳ ದೊಡ್ಡ ಕ್ಯಾಂಪಸ್‌ಗಳು ಎದ್ದಿವೆ. ಶುಲ್ಕ ಕಟ್ಟಬಲ್ಲವರಿಗೆ ಓದುವ ಜಾಗವೂ ಆ ಶುಲ್ಕದೊಳಗೇ ಬರುತ್ತದೆ. ಅಲ್ಲಿಂದ ಅರ್ಧ ಗಂಟೆಯ ದೂರದ ಸರ್ಕಾರಿ ಕಾಲೇಜಿನ ಹುಡುಗ ಮರದ ಕಟ್ಟೆಯ ಮೇಲೆ ಕೂತು ಓದುತ್ತಾನೆ.

ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆಗಳನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲೇ ಕೇಳಿದ್ದೇವೆ. ಆ ಕಥೆ ಹೇಳುವಾಗ ಓದಿದವರ ಹಟವನ್ನು ಮೆಚ್ಚಿದೆವು, ದೀಪ ಬೀದಿಯಲ್ಲೇ ಏಕೆ ಇತ್ತು ಎಂದು ಯಾರೂ ಕೇಳಲಿಲ್ಲ. ಬಡ ವಿದ್ಯಾರ್ಥಿ ಕಷ್ಟಪಟ್ಟೇ ಓದಬೇಕೆಂಬ ಭಾವನೆ ನಮ್ಮ ಆಡಳಿತದೊಳಗೆ ಎಷ್ಟು ಆಳವಾಗಿದೆಯೆಂದರೆ ಕಾಲೇಜಿಗೆ ಅನುದಾನ ಬಂದಾಗ ವೇದಿಕೆ, ಕಮಾನು, ಕಾಂಪೌಂಡು ಮೊದಲು ನೆನಪಾಗುತ್ತವೆ. ಓದುವ ಹಾಲ್ ಪಟ್ಟಿಯ ಕೊನೆಯಲ್ಲಿರುತ್ತದೆ. ಈ ನೆಲದಲ್ಲೇ ಬೇರೆಯಾಗಿ ಯೋಚಿಸಿದವರಿದ್ದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿ ಸಿದ್ಧಗಂಗೆಯಲ್ಲಿ ನಡೆಸಿದ ತ್ರಿವಿಧ ದಾಸೋಹದಲ್ಲಿ ಅನ್ನ ಮತ್ತು ಅಕ್ಷರದ ಜೊತೆಗೆ ಆಶ್ರಯವೂ ಇತ್ತು. ಅಕ್ಷರ ಕಲಿಯುವವನಿಗೆ ಇರಲೊಂದು ಜಾಗ ಕೊಡದಿದ್ದರೆ ಅಕ್ಷರ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕನಕಪುರದಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಸ್. ಕರಿಯಪ್ಪ ಅವರು ರೂರಲ್ ಎಜುಕೇಷನ್ ಸೊಸೈಟಿ ಕಟ್ಟಿದ್ದೂ ಹಳ್ಳಿಯ ಮಕ್ಕಳು ಕಾಲೇಜಿಗಾಗಿ ಬೆಂಗಳೂರಿಗೋ ಮೈಸೂರಿಗೋ ಹೋಗಲಾರರು ಎಂಬ ಅರಿವಿನಿಂದ.

ಇನ್ನು ಗ್ರಂಥಾಲಯ ವಿಜ್ಞಾನದ ವಿಷಯಕ್ಕೆ ಬಂದರೆ, ಅದರ ಭಾರತೀಯ ಆಚಾರ್ಯ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಆರಂಭಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಮೈಸೂರು ರಸ್ತೆಯಲ್ಲಿದೆ, ರಾಮನಗರಕ್ಕೆ ಬರುವ ಅದೇ ರಸ್ತೆ. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗಾಗಿ ಎನ್ನುತ್ತದೆ. ಪ್ರತಿ ಗ್ರಂಥಪಾಲಕರಿಗೂ ಇದು ಬಾಯಿಪಾಠ. ಆ ಸೂತ್ರವನ್ನು ವಿವರಿಸುವಾಗ ರಂಗನಾಥನ್ ಮಾತನಾಡುವುದು ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು, ಸಿಬ್ಬಂದಿ ಎಂಥವರಿರಬೇಕು ಎಂಬುದರ ಬಗ್ಗೆ. ಜಾಗ, ಹೊತ್ತು, ಕುರ್ಚಿ ಮೂರೂ ಸರಿಯಿಲ್ಲದೆ ಪುಸ್ತಕ ಬಳಕೆಗೆ ಬರುವುದಿಲ್ಲವೆಂದು ಅವರು ಹೇಳಿ 90 ವರ್ಷ ದಾಟಿತು. ನಾಲ್ಕನೆಯ ಸೂತ್ರ ಓದುಗರ ಸಮಯ ಉಳಿಸಿ ಎನ್ನುತ್ತದೆ. ಓದುಗರ ಸಮಯ ನಮ್ಮಲ್ಲಿ ಹೆಚ್ಚು ಪೋಲಾಗುವುದು ಮುಚ್ಚಿದ ಬಾಗಿಲ ಎದುರು.

ಹೇಗೆಂದರೆ ಬಸ್ಸು. ಈ ಜಿಲ್ಲೆಯ ಕಾಲೇಜು ಬದುಕು ನಡೆಯುವುದು ಬಸ್ಸಿನ ಗಡಿಯಾರದ ಪ್ರಕಾರ. ಬೆಂಗಳೂರು–ಮೈಸೂರು ರೈಲು ಮಾರ್ಗ ರಾಮನಗರಕ್ಕೂ ಚನ್ನಪಟ್ಟಣಕ್ಕೂ ಇದೆ. ಕನಕಪುರಕ್ಕೆ, ಮಾಗಡಿಗೆ ರೈಲಿಲ್ಲ. ಕೋಡಿಹಳ್ಳಿ, ಉಯ್ಯಂಬಳ್ಳಿ ಕಡೆಯಿಂದ ಕನಕಪುರಕ್ಕೆ, ಕುದೂರು, ತಿಪ್ಪಸಂದ್ರ ಕಡೆಯಿಂದ ಮಾಗಡಿಗೆ ಬರುವವರು ಸಿಕ್ಕ ಬಸ್ಸನ್ನು ನೆಚ್ಚಿಕೊಂಡವರು. ಒಳಗಿನ ಹಳ್ಳಿಗೆ ಬೆಳಿಗ್ಗೆ ಬರುವುದೇ ಒಂದೋ ಎರಡೋ ಬಸ್ಸು. ಹತ್ತು ಗಂಟೆಯ ತರಗತಿಗೆ ಹತ್ತಕ್ಕೆ ಸರಿಯಾಗಿ ತಲುಪಿಸುವ ಬಸ್ಸು ಇರುವುದಿಲ್ಲ, ಇದ್ದರೆ ಅದರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಎಂಟೂವರೆಗೇ ಬಂದು ಕಾಲೇಜು ಗೇಟಿನೊಳಗೆ ಸೇರುತ್ತಾರೆ. ಗ್ರಂಥಾಲಯ ತೆರೆಯುವುದು ಕಚೇರಿ ವೇಳೆಗೆ, ಬಹುತೇಕ ಕಡೆ ಹತ್ತಕ್ಕೆ. ಆ ಒಂದೂವರೆ ಗಂಟೆ ಮೆಟ್ಟಿಲ ಮೇಲೆ, ಕಾರಿಡಾರಿನಲ್ಲಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಹೋಗುತ್ತದೆ. ದಿನಕ್ಕೆ ಒಂದೂವರೆ ಗಂಟೆಯೆಂದರೆ ವಾರದ ಆರು ದಿನಕ್ಕೆ ಒಂಬತ್ತು ಗಂಟೆ. ಮನೆಯಲ್ಲಿ ಓದಲು ಜಾಗವಿಲ್ಲದ ಮಗುವಿಗೆ ವಾರಕ್ಕೆ ಒಂಬತ್ತು ಗಂಟೆ ಎಷ್ಟು ದೊಡ್ಡದು!

ಸಂಜೆಯ ಕಥೆ ಇನ್ನೂ ಬಿಗಿ. ಕೊನೆಯ ತರಗತಿ ಮುಗಿದ ಮೇಲೆ ಗ್ರಂಥಾಲಯಕ್ಕೆ ಹೋಗಿ ಕೂತವರು ಗಡಿಯಾರ ನೋಡುತ್ತಲೇ ಕೂತಿರುತ್ತಾರೆ. ಕಾವೇರಿ ವನ್ಯಜೀವಿಧಾಮಕ್ಕೆ ಅಂಟಿಕೊಂಡ ಕನಕಪುರದ ಹಳ್ಳಿಗಳಲ್ಲೂ ಚನ್ನಪಟ್ಟಣದ ಕಾಡಂಚಿನ ಊರುಗಳಲ್ಲೂ ಕತ್ತಲಾದ ಮೇಲೆ ಆನೆಯ ಭಯ. ಮಾಗಡಿ, ರಾಮನಗರದ ಬೆಟ್ಟದ ಸುತ್ತ ಚಿರತೆಯ ಮಾತು. ಬಸ್ಸಿಳಿದು ಒಂದೆರಡು ಕಿಲೊಮೀಟರ್ ನಡೆಯಬೇಕಾದ ಹುಡುಗಿಗೆ 'ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿದೆ' ಎಂಬ ಫಲಕದಿಂದ ಏನೂ ಪ್ರಯೋಜನವಿಲ್ಲ. ನಗರದ ಕಾಲೇಜುಗಳನ್ನು ನೋಡಿ ರಾತ್ರಿ ಗ್ರಂಥಾಲಯ ಬೇಕು ಎಂದು ಕೇಳುವವರು ಇದನ್ನು ಮರೆಯುತ್ತಾರೆ. ರಾತ್ರಿಯ ಹೊತ್ತು ಹಾಸ್ಟೆಲಿನವರಿಗೆ, ಊರೊಳಗೇ ಇರುವವರಿಗೆ ಆಗುತ್ತದೆ, ಅವರಿಗೆ ಅದು ಸಿಗಲೇಬೇಕು. ಹಳ್ಳಿಯಿಂದ ಬರುವವರಿಗೆ ಬೇಕಾದದ್ದು ಬೆಳಗಿನ ಹೊತ್ತು.

2023ರ ಜೂನ್ 11ರಂದು ಶುರುವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಈ ಓಡಾಟದಲ್ಲೊಂದು ಬದಲಾವಣೆ ತಂದಿದೆ. ಮೊದಲು ಪರೀಕ್ಷೆಗೆ ಮುಂಚಿನ ಸ್ಟಡಿ ಹಾಲಿಡೇಸ್ ಬಂದರೆ 'ಕ್ಲಾಸಿಲ್ಲ ಅಂದ್ಮೇಲೆ ಯಾಕೆ ಹೋಗ್ತೀಯ, ದುಡ್ಡು ದಂಡ' ಎಂಬ ಮಾತು ಮನೆಯಲ್ಲಿ ಬರುತ್ತಿತ್ತು. ಟಿಕೆಟ್ಟಿನ ಖರ್ಚಿಲ್ಲದ ಕಾರಣ ಹುಡುಗಿಯರಿಗೆ ಈಗ ಆ ನೆಪ ಎದುರಾಗುವುದಿಲ್ಲ. ತರಗತಿ ಇಲ್ಲದ ದಿನವೂ ಗ್ರಂಥಾಲಯಕ್ಕೆಂದೇ ಬರಬಹುದು. ಬಸ್ಸು ಕಿಕ್ಕಿರಿದಿರುತ್ತದೆ, ನಿಂತೇ ಬರಬೇಕು, ಆದರೂ ಬರಬಹುದು. ಸರ್ಕಾರ ಬಸ್ಸಿನ ಬಾಗಿಲು ತೆರೆದಿದೆ. ಆ ಬಸ್ಸು ತಂದು ಬಿಡುವ ಕಾಲೇಜಿನ ಗ್ರಂಥಾಲಯದ ಬಾಗಿಲು ಮುಚ್ಚಿದ್ದರೆ ಏನು ಬಂತು? ಬಾಗಿಲು ತೆರೆದರಷ್ಟೇ ಸಾಲದು, ಹತ್ತಿರದಲ್ಲಿ ನೀರು ಬರುವ ಶೌಚಾಲಯ, ಕುಡಿಯುವ ನೀರು ಇರಬೇಕು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯರು ಗ್ರಂಥಾಲಯ ಬಿಟ್ಟು ಹೊರಡಲು ಹಲವು ಸಲ ಕಾರಣ ಇದೇ. ಇದನ್ನು ಅವರು ಪುರುಷ ಪ್ರಾಂಶುಪಾಲರ ಎದುರು ಹೇಳುವುದಿಲ್ಲ.

ಮೌನದ ವಿಷಯವನ್ನೂ ಎತ್ತಬೇಕು. 'ನಿಶ್ಶಬ್ದವಾಗಿರಿ' ಎಂಬ ಫಲಕವಿಲ್ಲದ ಗ್ರಂಥಾಲಯವಿಲ್ಲ. ಆದರೆ ನಮ್ಮ ವಿದ್ಯಾರ್ಥಿಗಳ ಓದಿನಲ್ಲಿ ದೊಡ್ಡ ಪಾಲು ಮಾತಿನಲ್ಲಿ ನಡೆಯುತ್ತದೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಯಲ್ಲಿ ಇಂಗ್ಲಿಷ್ ಪಠ್ಯ ಎದುರಿಸುವ ಹುಡುಗ, ಅರ್ಥವಾದ ಗೆಳತಿಯ ಪಕ್ಕ ಕೂತು 'ಇದು ಏನ್ ಹೇಳ್ತಿದೆ, ಕನ್ನಡದಲ್ಲಿ ಹೇಳೇ' ಎಂದು ಕೇಳಬೇಕು. ಅವಳು ಹೇಳಬೇಕು, ಹೇಳುತ್ತಾ ಅವಳಿಗೂ ಗಟ್ಟಿಯಾಗಬೇಕು. ಕಂಬೈಂಡ್ ಸ್ಟಡಿ ಎಂದು ಅವರು ಕರೆಯುವ ಈ ಕೆಲಸ ಮೌನದ ಕೋಣೆಯಲ್ಲಿ ಆಗದು. ನಮ್ಮಲ್ಲಿ ಓದುವುದೆಂದರೆ ಶತಮಾನಗಳ ಕಾಲ ಒಬ್ಬರು ವಾಚಿಸುವುದು, ಇನ್ನೊಬ್ಬರು ವ್ಯಾಖ್ಯಾನಿಸುವುದು, ಹತ್ತು ಮಂದಿ ಕೇಳುವುದು. ಗಮಕಿಗಳ ನಾಡಿನ ಮಕ್ಕಳಿಗೆ ತುಟಿ ಅಲ್ಲಾಡಿಸದೆ ಓದು ಎಂದು ಗದರಿಸುವುದು ಸರಿಯಲ್ಲ. ಹಾಗೆಂದು ಒಬ್ಬರೇ ಓದಬೇಕೆನ್ನುವವರ ಶಾಂತಿ ಕೆಡಿಸುವುದೂ ಸರಿಯಲ್ಲ. ಮೌನಕ್ಕೊಂದು ಕೋಣೆ, ಮಾತಿಗೊಂದು ಕೋಣೆ ಬೇಕು. ಎರಡನೆಯದು ಗ್ರಂಥಾಲಯದ ಪಕ್ಕದ ಜಗಲಿಯೇ ಆಗಬಹುದು, ನಾಲ್ಕು ಬೆಂಚು, ಒಂದು ಕರಿಹಲಗೆ ಇದ್ದರಾಯಿತು.

ಮೊಬೈಲ್ ನಿಷೇಧದ ಫಲಕವೂ ಪುನರ್‌ವಿಮರ್ಶೆಗೆ ಬರಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ. ಅದಕ್ಕೂ ಮೊದಲಿನಿಂದ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಮೂಲಕ ಕಾಲೇಜುಗಳಿಗೆ ಇ-ಪುಸ್ತಕಗಳೂ ಇ-ಜರ್ನಲ್‌ಗಳೂ ಸಿಗುತ್ತಿವೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಲ್ಯಾಪ್‌ಟಾಪ್ ಇಲ್ಲದ ವಿದ್ಯಾರ್ಥಿಗೆ ಇವನ್ನು ತೆರೆಯಲು ಇರುವ ಏಕೈಕ ಸಾಧನ ಮೊಬೈಲ್. ಒಂದು ಕೈಯಲ್ಲಿ ಇ-ಪುಸ್ತಕದ ಪಾಸ್‌ವರ್ಡ್ ಕೊಟ್ಟು ಇನ್ನೊಂದು ಕೈಯಲ್ಲಿ ಮೊಬೈಲ್ ಕಿತ್ತಿಟ್ಟುಕೊಂಡರೆ ಆ 6,000 ಕೋಟಿಯ ಒಂದು ರೂಪಾಯಿಯೂ ಅವರನ್ನು ಮುಟ್ಟುವುದಿಲ್ಲ. ರೀಲ್ಸ್ ನೋಡುತ್ತಾರೆಂಬ ಭಯ ಸುಳ್ಳಲ್ಲ. ಆ ಭಯಕ್ಕೆ ಮೊಬೈಲ್ ಸೈಲೆಂಟ್‌ನಲ್ಲಿರಲಿ, ಕರೆ ಹೊರಗೆ ಎಂಬ ನಿಯಮ ಸಾಕು.

ಕಾಲೇಜು ಬಾಗಿಲು ಮುಚ್ಚಿದಾಗ ವಿದ್ಯಾರ್ಥಿಗಳು ಎಲ್ಲಿಗೆ ಹೋಗುತ್ತಾರೆ? ಕೆಲವರು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುವವರು ನಾವೇ, ಆ ಕುರ್ಚಿಗಳು ನಮ್ಮವೇ. ಅಲ್ಲಿ ಸೋಮವಾರ ರಜೆ, ಭಾನುವಾರ ತೆರೆದಿರುತ್ತದೆ. ಕಾಲೇಜಿನಲ್ಲಿ ಭಾನುವಾರ ಬೀಗ. ಭಾನುವಾರ ಬೆಳಿಗ್ಗೆ ಸಾರ್ವಜನಿಕ ಗ್ರಂಥಾಲಯದ ಪತ್ರಿಕೆ ವಿಭಾಗದಲ್ಲಿ ಪದವಿ ವಿದ್ಯಾರ್ಥಿಗಳು, ಎಫ್‌ಡಿಎ, ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವವರು, ನಿವೃತ್ತ ಮೇಷ್ಟರು ಒಂದೇ ಮೇಜಿಗೆ ಸೇರುವುದು ಇದರಿಂದಲೇ. ಇನ್ನು ಕೆಲವರು ದುಡ್ಡು ಕೊಟ್ಟು ಖಾಸಗಿ ರೀಡಿಂಗ್ ರೂಮಿಗೆ ಸೇರುತ್ತಾರೆ. ಬೆಂಗಳೂರಿನ ವಿಜಯನಗರ, ಧಾರವಾಡಗಳಲ್ಲಿ ಸ್ಪರ್ಧಾ ಪರೀಕ್ಷೆಯ ಸುತ್ತ ಬೆಳೆದ ಈ ವ್ಯಾಪಾರದಲ್ಲಿ ಮಾರಾಟವಾಗುವುದು ಪುಸ್ತಕ ಅಲ್ಲವೇ ಅಲ್ಲ. ತಡಿಕೆ ಕಟ್ಟಿದ ಒಂದು ಮೇಜು, ಒಂದು ದೀಪ, ಒಂದು ಪ್ಲಗ್, ತಿಂಗಳ ಬಾಡಿಗೆ. ಓದುವ ಜಾಗಕ್ಕೆ ಬೆಲೆಯಿದೆ ಎಂದು ಮಾರುಕಟ್ಟೆಗೆ ತಿಳಿದಿದೆ, ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ಇನ್ನೂ ತಿಳಿಯಬೇಕಿದೆ.

ಹಳ್ಳಿಯಲ್ಲೇ ಒಂದು ದಾರಿಯಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಅರಿವು ಕೇಂದ್ರಗಳಾಗಿವೆ, ರಾಜ್ಯದಲ್ಲಿ 5,600ಕ್ಕೂ ಹೆಚ್ಚು. ಮಕ್ಕಳಿಗಾಗಿ ಅಲ್ಲಿ ಬಹಳ ಕೆಲಸ ನಡೆದಿದೆ. ಪದವಿ ಓದುವ ಊರಿನ ಹುಡುಗ ಹುಡುಗಿಯರಿಗೆಂದು ಎರಡು ಮೇಜು, ಸಂಜೆಯ ಎರಡು ಗಂಟೆ ಮೀಸಲಿಟ್ಟರೆ ಆನೆಯ ಭಯವೂ ಬಸ್ಸಿನ ಚಿಂತೆಯೂ ಇಲ್ಲದ ಓದುವ ಜಾಗ ಮನೆಯಿಂದ ಕೂಗಳತೆಯಲ್ಲೇ ಸಿಗುತ್ತದೆ. ಹುಳು ಮೇಯುವ ವಾರದಲ್ಲಿ ಎರಡು ಗಂಟೆ ಮನೆಯಿಂದ ಬಿಡಿಸಿಕೊಳ್ಳಲು ಹತ್ತಿರದ ಜಾಗವೇ ಆಗಬೇಕು.

ಗ್ರಂಥಪಾಲಕರನ್ನು ದೂರುವುದು ಇಲ್ಲಿ ನನ್ನ ಉದ್ದೇಶವಲ್ಲ. ಒಬ್ಬರೇ ಇರುವ ಕಡೆ ಅವರು ರಜೆ ಹಾಕಿದರೆ ಬೀಗ, ಮೀಟಿಂಗಿಗೆ ಹೋದರೆ ಬೀಗ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಅವರೇ, ಹಾಗಿರುವಾಗ ಇಲ್ಲದ ಹೊತ್ತಲ್ಲಿ ಬಾಗಿಲು ತೆರೆದಿಡಿ ಎಂದರೆ ಹೇಗೆ ಒಪ್ಪುತ್ತಾರೆ? ಇದಕ್ಕೆ ಪರಿಹಾರ ಕಟ್ಟಡದಲ್ಲಿದೆ. ಪುಸ್ತಕಗಳಿಗೆ ಒಂದು ಬೀಗ, ಓದುವ ಹಾಲಿಗೆ ಇನ್ನೊಂದು ಬಾಗಿಲು. ನಡುವೆ ಒಂದು ಗ್ರಿಲ್. ಗ್ರಿಲ್ ಹಾಕಿದ ಮೇಲೆ ಹಾಲಿನಲ್ಲಿ ಕದಿಯಲು ಉಳಿಯುವುದು ಮೇಜು ಕುರ್ಚಿ ಮಾತ್ರ. ಬೆಳಿಗ್ಗೆ ಎಂಟೂವರೆಗೆ ಬರುವ ಅಟೆಂಡರ್ ಒಬ್ಬರು, ಅಥವಾ ಸರದಿಯ ಮೇಲೆ ಇಬ್ಬರು ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಅದನ್ನು ನಡೆಸಬಲ್ಲರು. ಕಾಲೇಜಿಗೆ ನ್ಯಾಕ್ ತಂಡ ಬರುವಾಗ ಗ್ರಂಥಾಲಯಕ್ಕೆ ದಿನಕ್ಕೆ ಎಷ್ಟು ಮಂದಿ ಬಂದರೆಂದು ತೋರಿಸಲು ಗೇಟ್ ರಿಜಿಸ್ಟರ್ ಚೆನ್ನಾಗಿ ತುಂಬುತ್ತೇವೆ. ಬಂದವರಲ್ಲಿ ಎಷ್ಟು ಮಂದಿಗೆ ಕೂರಲು ಜಾಗ ಸಿಕ್ಕಿತು, ಎಷ್ಟು ಮಂದಿ ಬಾಗಿಲಲ್ಲೇ ಇಣುಕಿ ವಾಪಸು ಹೋದರು ಎಂಬುದು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಅದನ್ನು ತಿಳಿಯುವುದು ಕಷ್ಟವೇನಲ್ಲ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಪಾಲಕರು ನ್ಯಾನ್ಸಿ ಫ್ರೀಡ್ ಫಾಸ್ಟರ್ ಎಂಬ ಮಾನವಶಾಸ್ತ್ರಜ್ಞೆಯ ಜೊತೆ ಸೇರಿ ತಮ್ಮ ವಿದ್ಯಾರ್ಥಿಗಳ ಕೈಗೇ ಕ್ಯಾಮೆರಾ ಕೊಟ್ಟರು, ದಿನವಿಡೀ ಎಲ್ಲೆಲ್ಲಿ ಹೋಗುತ್ತೀರಿ, ಎಲ್ಲಿ ಓದುತ್ತೀರಿ ಎಂದು ನಕ್ಷೆ ಬರೆಸಿದರು, ಬೇಕಾದ ಗ್ರಂಥಾಲಯದ ಚಿತ್ರ ಬಿಡಿಸಿ ಎಂದರು. 2007ರಲ್ಲಿ ಅದು ಪುಸ್ತಕವಾಗಿ ಬಂತು. ಗ್ರಂಥಪಾಲಕರು ಮನೆಗೆ ಹೋದ ಮೇಲೆಯೇ ವಿದ್ಯಾರ್ಥಿಗಳ ನಿಜವಾದ ಓದು ಶುರುವಾಗುತ್ತದೆ ಎಂಬುದು ಅವರಿಗೆ ತಿಳಿದದ್ದು ಹೀಗೆ. ನಮ್ಮಲ್ಲಿ ಪ್ರತಿ ವಿದ್ಯಾರ್ಥಿಯ ಬಳಿಯೂ ಕ್ಯಾಮೆರಾ ಆಗಲೇ ಇದೆ. ರಾಮನಗರದ ಒಂದು ಕಾಲೇಜು, ಕನಕಪುರದ ಒಂದು ಕಾಲೇಜು ಸಮಾಜಶಾಸ್ತ್ರ ವಿಭಾಗದ ಮೂಲಕ ಒಂದು ವಾರ ಇದನ್ನು ಮಾಡಿಸಲಿ. ಯಾವ ಬಸ್ಸು, ಎಷ್ಟಕ್ಕೆ ಇಳಿದೆ, ಎಲ್ಲಿ ಕೂತೆ, ಯಾಕೆ ಎದ್ದೆ ಎಂಬ ನಾಲ್ಕು ಪ್ರಶ್ನೆ ಸಾಕು.

2007ರ ಆಗಸ್ಟಿನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ ಈ ತಾಲ್ಲೂಕುಗಳಿಗೆ 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರಿಟ್ಟಿದೆ. ಹೆಸರಿನ ಬಗ್ಗೆ ವಾದ ಬೇಕಾದಷ್ಟು ನಡೆದಿದೆ, ಅದನ್ನು ಇಲ್ಲಿ ಮುಂದುವರಿಸುವುದಿಲ್ಲ. ಪ್ರಾಂಶುಪಾಲರಲ್ಲಿ ಒಂದು ವಿನಂತಿ: ಬರುವ ಸೆಮಿಸ್ಟರಿನ ಗ್ರಂಥಾಲಯ ವೇಳೆ ನಿಗದಿ ಮಾಡುವ ಮುಂಚೆ ನಿಮ್ಮೂರಿನ ಡಿಪೊದಿಂದ ಬಸ್ ವೇಳಾಪಟ್ಟಿ ತರಿಸಿಕೊಂಡು ನೋಡಿ, ಮೊದಲ ಬಸ್ಸಿನ ಮಕ್ಕಳು ಇಳಿಯುವ ಹೊತ್ತಿಗೆ ಓದುವ ಹಾಲಿನ ಬಾಗಿಲು ತೆಗೆಸಿ, ಪರೀಕ್ಷೆಯ ತಿಂಗಳಲ್ಲಿ ಭಾನುವಾರವೂ ತೆರೆದಿಡಿ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು: ಓದಿದ ಕಾಲೇಜಿಗೆ ಏನಾದರೂ ಕೊಡಬೇಕೆನಿಸಿದರೆ ಹೆಸರು ಕೆತ್ತಿಸಿದ ಕಮಾನು ಬೇಡ. ಅಗಲವಾದ ಎರಡು ಮೇಜು, ಹನ್ನೆರಡು ಕುರ್ಚಿ, ನಾಲ್ಕು ಪ್ಲಗ್ ಪಾಯಿಂಟ್ ಹಾಕಿಸಿಕೊಡಿ.